ಕರಿಮದ್ದಿನ ರಿವಾಲ್ವರಿನಿಂದ ಬೇಟೆ ಸಾಧ್ಯವಿತ್ತೇ?

ಪ್ರಶ್ನೆ (ಬೀದರ್): ಮುತ್ತಜ್ಜನ ಪೆಟ್ಟಿಗೆಯಲ್ಲಿ ಕರಿಮದ್ದು ತುಂಬುವ, ಹಿಡಿ ಸವೆದ ರಿವಾಲ್ವರ್ ಸಿಕ್ಕಿದೆ. ಇದರಿಂದ ಜಿಂಕೆ ಹೊಡೆಯುತ್ತಿದ್ದರೆಂಬ ಮನೆಯವರ ಮಾತನ್ನು ನಂಬಬಹುದೇ?

ಉತ್ತರ (ಕಲಬುರಗಿ): ತೀರ ಹತ್ತಿರದಿಂದಾದರೆ ನಂಬಬಹುದು. 1860ರ ಕೋಲ್ಟ್‌ನಂಥ ರಿವಾಲ್ವರಿನಲ್ಲಿ ಗುಂಡು ತುಂಬುವ ಆರೂ ಕೋಣೆಗಳಿಗೆ ಮುಂದಿನಿಂದ ಮದ್ದು ಸುರಿದು, ಸೀಸದ ಗುಂಡನ್ನು ಸನ್ನೆಕೋಲಿನಿಂದ ಒತ್ತಿ, ಹಿಂದೆ ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಕೂರಿಸಬೇಕಿತ್ತು. ಒಂದರ ಕಿಡಿ ಪಕ್ಕದ ಕೋಣೆಗೆ ಹಾರದಿರಲೆಂದು ಗುಂಡಿನ ಮೇಲೆ ಕೊಬ್ಬು ಸವರುವವರೂ ಇದ್ದರು. ಉದ್ದ ಬಂದೂಕಿನ ಬಲ ಇದಕ್ಕಿಲ್ಲ. ಗಾಯಗೊಂಡು ಓಡಿದ ಪ್ರಾಣಿಗಳೇ ಹೆಚ್ಚಿದ್ದಿರಬೇಕು.

ಉತ್ತರ (ಯಾದಗಿರಿ): ಪರೀಕ್ಷಿಸಲು ಹೋಗಬೇಡಿ ಸರ್. ಕೃಷ್ಣಮೃಗದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆಯುಧವು ದುರಸ್ತಿಯಾದರೆ ಸಿಡಿಯುವಂತಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯೂ ಬೇಕು.

ಪ್ರಶ್ನೆ ಕೇಳಿದವರು: ಎರಡು ಕೋಣೆಗಳಲ್ಲಿ ಗುಂಡು ಉಳಿದಂತಿದೆ.

ಉತ್ತರ (ಕಲಬುರಗಿ): ಹಳೆಯ ಮದ್ದೂ ಒಣಗಿದ್ದರೆ ಸಿಡಿಯುತ್ತದೆ. ಮುಟ್ಟದೆ ಠಾಣೆಗೆ ತಿಳಿಸಿ.