ಅಪ್‌ಡೇಟ್: 26 ಕೆಜಿ ಇಳಿದರೂ ಕನ್ನಡಿಯಲ್ಲಿ ಹಳೆಯ ನಾನೇ ಕಾಣ್ತೀನಿ ಅಂದಿದ್ದೆನಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ಒಂದೂವರೆ ವರ್ಷದಲ್ಲಿ 91ರಿಂದ 65 ಕೆಜಿಗೆ ಇಳಿದಿದ್ದೇನೆ, ಆದರೂ ಕನ್ನಡಿ ಮುಂದೆ ನಿಂತರೆ ದಪ್ಪಗೇ ಕಾಣುತ್ತೇನೆ, ಇದು ನನಗೊಬ್ಬಳಿಗೇನಾ ಅಂತ.

ಅಲ್ವಂತೆ. ಡಾಕ್ಟರ್ ಹೇಳಿದರು, ಇದಕ್ಕೆ 'ಫ್ಯಾಂಟಮ್ ಫ್ಯಾಟ್' ಅಂತ ಹೆಸರೇ ಇದೆ. ಮೈ ಇಳಿದಷ್ಟು ಬೇಗ ತಲೆಯೊಳಗಿನ ಅಂದಾಜು ಇಳಿಯುವುದಿಲ್ಲ. ನಿಜ, ಬಸ್ಸಿನಲ್ಲಿ ಈಗಲೂ ಅಡ್ಡ ತಿರುಗಿಯೇ ನುಗ್ಗುತ್ತೇನೆ. ಕೂದಲು ಉದುರಿದ್ದೂ ತೂಕ ಇಳಿದದ್ದಕ್ಕೇ, ಈಗ ಕಡಿಮೆಯಾಗಿದೆ. ಹೊಟ್ಟೆಯ ಸಡಿಲ ಚರ್ಮ ಮಾತ್ರ ಪೂರ್ತಿ ಹೋಗುವುದು ಕಷ್ಟ ಅಂದರು. ಅವತ್ತು ರಾತ್ರಿ ಅತ್ತುಬಿಟ್ಟೆ.

ನನ್ನ ಕಣ್ಣು ತೆರೆಸಿದ್ದು ಟೈಲರ್ ಅಕ್ಕ. ತಮ್ಮನ ಮದುವೆಗೆ ಬ್ಲೌಸ್ ಹೊಲಿಸಬೇಕಿತ್ತು. 'ಹಳೇ ಅಳತೆಗೇ ಹೊಲೀರಿ' ಅಂದೆ. ಅವರು ಮಾತಾಡದೆ ಟೇಪ್ ಸುತ್ತಿದರು. 36. ಅವರ ನೋಟ್‌ಬುಕ್ಕಿನ ನನ್ನ ಪುಟದಲ್ಲಿ 44 ಇತ್ತು. ಅದನ್ನು ಪೆನ್ನಿನಲ್ಲಿ ಹೊಡೆದು ಹಾಕಿ ಪಕ್ಕದಲ್ಲೇ ಹೊಸದು ಬರೆದರು. 'ಒಳಗೆ ಜಾಸ್ತಿ ಬಟ್ಟೆ ಬಿಡಿ ಅಕ್ಕ, ಮತ್ತೆ ದಪ್ಪ ಆದ್ರೆ?' ಅಂದೆ. 'ಎಲ್ಲರಿಗೂ ಬಿಡೋವಷ್ಟೇ ಬಿಡ್ತೀನಿ, ಸುಮ್ನಿರಮ್ಮ.'

ಮದುವೆಯಲ್ಲಿ ಹತ್ತು ಜನ ಕೇಳಿರಬೇಕು, 'ಯಾಕೆ ಹೀಗೆ ಸೊರಗಿದ್ದೀಯ, ಶುಗರ್ರಾ?' ನಾನು ದಪ್ಪ ಇದ್ದಾಗ ನನ್ನ ಎಲೆಯಲ್ಲಿ ಹೋಳಿಗೆ ಎಣಿಸುತ್ತಿದ್ದವರೂ ಇವರೇ! ಫೋಟೋ ಬಂದಾಗ ತಮ್ಮನ ಪಕ್ಕ ನಿಂತವಳು ಯಾರು ಅಂತ ಒಂದು ಕ್ಷಣ ಯೋಚಿಸಿದೆ. ಕನ್ನಡಿ ಇನ್ನೂ ಪೂರ್ತಿ ಒಪ್ಪಿಲ್ಲ. ಉಂಗುರಕ್ಕೆ ಸುತ್ತಿದ್ದ ದಾರ ಮಾತ್ರ ಬಿಚ್ಚಿ, ಚಿಕ್ಕದು ಮಾಡಿಸಲು ಕೊಟ್ಟಿದ್ದೇನೆ. ಶುಕ್ರವಾರ ಸಿಗುತ್ತದೆ.