ದುಬೈಗೆ ಹೋಗ್ತಿದ್ದೇವೆ, ಮಕ್ಕಳಿಗೆ ಕೈಗೆಟುಕುವ ಇಂಟರ್‌ನ್ಯಾಷನಲ್ ಸ್ಕೂಲ್ ಹೇಗೆ ಹುಡುಕೋದು?

ಕಲಬುರಗಿ ಅಮ್ಮ:
ನಮಸ್ಕಾರ ರೀ. ನಮ್ಮ ಮನೆಯವರಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ. ಅವರು ಜನವರಿಯಲ್ಲಿ ಹೋಗ್ತಾರೆ, ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಾನು ಮಕ್ಕಳನ್ನು ಕರ್ಕೊಂಡು ಹೋಗಬೇಕು. ಮಗ 8ನೇ ಕ್ಲಾಸ್, ಮಗಳು 4ನೇ ಕ್ಲಾಸ್. ಇಬ್ಬರದ್ದೂ ಇಲ್ಲೇ ಕಲಬುರಗಿಯಲ್ಲಿ ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಕಂಪನಿಯವರು ಮನೆ ಬಾಡಿಗೆಗೆ ಸ್ವಲ್ಪ ಕೊಡ್ತಾರೆ, ಮಕ್ಕಳ ಫೀಸಿಗೆ ಏನೂ ಇಲ್ಲ.

ಒಬ್ಬ ಏಜೆಂಟ್, ಹೊರದೇಶಕ್ಕೆ ಹೋದ ಮೇಲೆ ಬ್ರಿಟಿಷ್ ಸಿಲಬಸ್ಸಿಗೇ ಹಾಕಬೇಕು, ಅದೇ ನಿಜವಾದ ಇಂಟರ್‌ನ್ಯಾಷನಲ್ ಸ್ಕೂಲ್ ಅಂತ ಹೇಳಿ ಒಂದು ಫೀಸ್ ಪಟ್ಟಿ ಕಳಿಸಿದ. ಇಬ್ಬರಿಗೂ ಸೇರಿಸಿ ಲೆಕ್ಕ ಹಾಕಿದರೆ ಅರ್ಧ ಸಂಬಳ ಅಲ್ಲೇ ಹೋಗುತ್ತೆ. ಮೂರು ರಾತ್ರಿಯಿಂದ ಮಗಳ ರಫ್ ನೋಟ್‌ಬುಕ್ಕಿನಲ್ಲಿ ಕೂಡಿಸಿ ಕಳೆದು ನೋಡ್ತಿದ್ದೇನೆ, ಹೊಂದುತ್ತಿಲ್ಲ. ನಾಲ್ಕೈದು ವರ್ಷ ಇದ್ದು ವಾಪಸ್ ಬರೋ ಯೋಚನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಆಳಂದದಿಂದ ಶಾರ್ಜಾಕ್ಕೆ:
ಅಕ್ಕಾ, ಮೊದಲು ಆ ಏಜೆಂಟ್ ಮಾತು ಬಿಡಿ. ವಾಪಸ್ ಬರೋದು ಖಚಿತ ಅಂದ ಮೇಲೆ ಸಿಬಿಎಸ್‌ಇ ಇರುವ ಇಂಡಿಯನ್ ಸ್ಕೂಲೇ ನೋಡಿ. ದುಬೈಯಲ್ಲಿ ಅಂಥವು ಬಹಳ ಇವೆ, ಫೀಸೂ ಬ್ರಿಟಿಷ್ ಸ್ಕೂಲುಗಳಿಗಿಂತ ಎಷ್ಟೋ ಕಡಿಮೆ. ದುಬೈ ಸರ್ಕಾರದ ಕೆಎಚ್‌ಡಿಎ ಅನ್ನೋ ಸಂಸ್ಥೆ ಅಲ್ಲಿನ ಖಾಸಗಿ ಶಾಲೆಗಳ ಮೇಲೆ ನಿಗಾ ಇಡುತ್ತೆ. ಅವರ ವೆಬ್‌ಸೈಟಿನಲ್ಲಿ ಯಾವ ಶಾಲೆ, ಯಾವ ಕ್ಲಾಸಿಗೆ ಎಷ್ಟು ಫೀಸ್, ತಪಾಸಣೆಯಲ್ಲಿ ಯಾವ ದರ್ಜೆ ಸಿಕ್ಕಿದೆ ಎಲ್ಲಾ ಸಿಗುತ್ತೆ. ಏಜೆಂಟ್ ಕಳಿಸಿದ ಪಿಡಿಎಫ್ ಬದಲು ಅದನ್ನೇ ನೋಡಿ. ಈ ವರ್ಷದ ಫೀಸ್ ಮಾತ್ರ ನೋಡಬೇಡಿ, ಮೇಲಿನ ಕ್ಲಾಸಿಗೆ ಹೋದಂತೆ ಫೀಸೂ ಏರುತ್ತೆ. ಬಸ್, ಪುಸ್ತಕ, ಯೂನಿಫಾರ್ಮ್ ಬೇರೆ. ನಮಗೆ ಮೊದಲ ವರ್ಷ ಪೆಟ್ಟು ಕೊಟ್ಟಿದ್ದು ಬಸ್ಸಿನ ಖರ್ಚು.

ಬಸ್ ಅಂದೆನಲ್ಲ, ಅದರ ಬಗ್ಗೆ ಇನ್ನೊಂದು ಮಾತು. ನಾವು ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ ಹಿಡಿದು ಮಗನನ್ನು ದುಬೈಯ ಶಾಲೆಗೆ ಹಾಕಿದೆವು. ಬೆಳಿಗ್ಗೆ ಐದೂಮುಕ್ಕಾಲಿಗೆ ಬಸ್. ಏಳು ವರ್ಷದ ಹುಡುಗ, ಕತ್ತಲಲ್ಲೇ ಎಬ್ಬಿಸಿ, ಕಣ್ಣು ಮುಚ್ಚಿಕೊಂಡೇ ಹಾಲು ಕುಡೀತಿದ್ದ, ಬಸ್ ಹತ್ತಿದ ಕೂಡಲೇ ಕಿಟಕಿಗೆ ತಲೆ ಆನಿಸಿ ಮಲಗಿಬಿಡ್ತಿದ್ದ. ಮಧ್ಯಾಹ್ನ ಬರುವಾಗ ಟ್ರಾಫಿಕ್ಕಿನಲ್ಲಿ ಮತ್ತೆ ಒಂದೂವರೆ ಗಂಟೆ. ಒಂದೇ ವರ್ಷಕ್ಕೆ ಮಗು ಸೊರಗಿ ಹೋಯ್ತು, ಶಾರ್ಜಾದ ಶಾಲೆಗೇ ಬದಲಾಯಿಸಿದೆವು. ಅದಕ್ಕೇ ಹೇಳ್ತೀನಿ, ಮೊದಲು ಸ್ಕೂಲ್ ಸೀಟು, ಆಮೇಲೆ ಅದರ ಹತ್ತಿರ ಮನೆ. ಅಣ್ಣಾವ್ರು ಜನವರಿಯಲ್ಲಿ ಹೋದ ಕೂಡಲೇ ಬಾಡಿಗೆ ಕರಾರಿಗೆ ಸಹಿ ಹಾಕೋದು ಬೇಡ.

ಬೀದರ್ ಮೇಷ್ಟ್ರು:
ಮೇಲಿನವರು ಹೇಳಿದ್ದು ಸರಿ. ನಾನು ಮಸ್ಕತ್‌ನಲ್ಲಿ ಹನ್ನೊಂದು ವರ್ಷ ಪಾಠ ಮಾಡಿ ಬಂದವನು, ಒಂದೆರಡು ಸೇರಿಸ್ತೀನಿ.

ಮಗನ ವಿಷಯಕ್ಕೆ ತಡ ಮಾಡಬೇಡಿ. ಸಿಬಿಎಸ್‌ಇಯಲ್ಲಿ 9ನೇ ಕ್ಲಾಸಿಗೇ ಬೋರ್ಡ್ ರಿಜಿಸ್ಟ್ರೇಷನ್ ಆಗುತ್ತೆ. ಬೇರೆ ಬೋರ್ಡಿನಲ್ಲಿ 9 ಮುಗಿಸಿ ನೇರ 10ಕ್ಕೆ ಸೇರೋದು ಕಷ್ಟದ ಕೆಲಸ. ಅವನು 9ನೇ ಕ್ಲಾಸಿನ ಶುರುವಿನಲ್ಲೇ ಅಲ್ಲಿರಬೇಕು. ಅಲ್ಲಿನ ಇಂಡಿಯನ್ ಸ್ಕೂಲುಗಳ ವರ್ಷ ಏಪ್ರಿಲ್‌ನಲ್ಲೇ ಶುರು, ನಮ್ಮಂತೆ ಜೂನ್‌ವರೆಗೆ ಕಾಯೋ ಹಾಗಿಲ್ಲ. ಬ್ರಿಟಿಷ್ ಶಾಲೆಗಳದ್ದು ಆಗಸ್ಟ್ ಕೊನೆಗೆ.

ಅರೇಬಿಕ್ ಬಗ್ಗೆಯೂ ತಿಳ್ಕೊಳ್ಳಿ. ಯುಎಇ ಖಾಸಗಿ ಶಾಲೆಗಳಲ್ಲಿ ಅರಬ್ ಅಲ್ಲದ ಮಕ್ಕಳಿಗೂ 9ನೇ ಕ್ಲಾಸಿನವರೆಗೆ ಅರೇಬಿಕ್ ಕಡ್ಡಾಯ. ಮಗಳಿಗೆ ಬಲದಿಂದ ಎಡಕ್ಕೆ ಬರೆಯೋದನ್ನ ಈಗಲೇ ಸುಮ್ನೆ ಆಟದ ಹಾಗೆ ರೂಢಿ ಮಾಡಿಸಿ. ಕಲಬುರಗಿ, ಬೀದರಿನ ಅಂಗಡಿ ಬೋರ್ಡುಗಳ ಉರ್ದು ನೋಡಿ ಬೆಳೆದ ಮಕ್ಕಳು ಆ ಲಿಪಿಗೆ ಹೆದರೋದಿಲ್ಲ, ನಾನೇ ಕಂಡಿದ್ದೇನೆ.

ಇನ್ನು ಟಿಸಿ, ಅಂದರೆ ಶಾಲೆಯ ವರ್ಗಾವಣೆ ಪತ್ರ. ನನ್ನ ತಂಗಿ ಮಗಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ, ರಾಜ್ಯದ ದೃಢೀಕರಣ, ದೆಹಲಿಯ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ ಎಲ್ಲಾ ಸುತ್ತಿ ಬರಬೇಕಿತ್ತು. ಎರಡನೇ ಮೆಟ್ಟಿಲಲ್ಲೇ ವಾಪಸ್ ಬಂತು, ಯಾಕಂದರೆ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಪೂರ್ತಿ ಇತ್ತು, ಟಿಸಿಯಲ್ಲಿ ಬರೀ ಇನಿಶಿಯಲ್. ನಮ್ಮ ಕಡೆ ಇದು ಎಲ್ಲರ ಮನೆಯ ಕಥೆ. ಟಿಸಿ ಬರೆಸೋ ಮೊದಲೇ ಪಾಸ್‌ಪೋರ್ಟ್ ಎದುರಿಗೆ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡಿ.

ಯಾದಗಿರಿ ಟೀಚರ್:
ಮೇಡಂ, ವಾಪಸ್ ಬರ್ತೀವಿ ಅಂದಿದ್ದೀರಲ್ಲ, ಹಾಗಾದರೆ ಇದನ್ನ ಈಗಲೇ ನೋಡ್ಕೊಳ್ಳಿ. ಮುಂದೆ ಸಿಇಟಿಯಲ್ಲಿ (ಇಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಕರ್ನಾಟಕದ ಸೀಟು ಬೇಕಾದರೆ ಸಾಮಾನ್ಯ ನಿಯಮ 1ರಿಂದ ಪಿಯುಸಿವರೆಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಜೊತೆಗೆ 10 ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ಮಗ 8 ವರ್ಷ ಓದಿ ಹೋಗ್ತಾನೆ, ಪಿಯುಸಿಗೆ ಬಂದರೆ ತೊಂದರೆ ಇಲ್ಲ. ಮಗಳದ್ದು ಲೆಕ್ಕ ಹಾಕಿ: ಈಗ 4, ನಾಲ್ಕೈದು ವರ್ಷ ಅಂದಿದ್ದು ಆರಕ್ಕೆ ಎಳೆದು ಅವಳು ಪಿಯುಸಿಗೇ ವಾಪಸ್ ಬಂದರೆ ಅದರ 2, ಒಟ್ಟು 6. ಒಂದು ವರ್ಷ ಕಡಿಮೆ! ಆದರೆ ಇನ್ನೊಂದು ದಾರಿ ಇದೆ. ಅಪ್ಪ ಅಥವಾ ಅಮ್ಮ 7 ವರ್ಷ ಕರ್ನಾಟಕದಲ್ಲಿ ಓದಿದ್ದು, ಮಗು ಎರಡೂ ವರ್ಷದ ಪಿಯುಸಿ ಇಲ್ಲೇ ಮುಗಿಸಿದರೆ ನಡೆಯುತ್ತೆ. ಅದಕ್ಕೆ ನಿಮ್ಮ ಹಳೇ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ, ಈಗ ಊರಲ್ಲೇ ಇದ್ದೀರಿ, ಹತ್ತು ವರ್ಷ ಬಿಟ್ಟು ರಜೆಗೆ ಬಂದಾಗ ಓಡಾಡೋಕೆ ಆಗಲ್ಲ.

ಹಾಗೇ ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ ಸರ್ಟಿಫಿಕೇಟ್. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕರ್ನಾಟಕದಲ್ಲಿ ಶೇ. 8 ಸೀಟು ನಮ್ಮ ಮಕ್ಕಳಿಗೆ ಅಂತ ಇದೆ. ಇಷ್ಟು ವರ್ಷ ಹೋರಾಡಿ ಪಡೆದಿದ್ದು, ಕೈಬಿಡಬೇಡಿ. ಸಹಾಯಕ ಆಯುಕ್ತರ ಕಚೇರಿಯಲ್ಲಿ ಇಬ್ಬರದ್ದೂ ಮಾಡಿಸಿ ಇಟ್ಟೇ ವಿಮಾನ ಹತ್ತಿ.

ಕಲಬುರಗಿ ಅಮ್ಮ:
ಎಲ್ಲರಿಗೂ ಶರಣು. ಮಗಳ ಆರು ವರ್ಷದ ಲೆಕ್ಕ ನೋಡಿ ಎದೆ ಝಲ್ ಅಂತು, ಇದು ನಮ್ಮ ತಲೆಗೇ ಬಂದಿರಲಿಲ್ಲ. ನಾನು ಶಹಾಬಾದಿನಲ್ಲಿ 10ರವರೆಗೆ ಓದಿದ್ದು, ಆ ಶಾಲೆಗೆ ಸೋಮವಾರವೇ ಹೋಗ್ತೇನೆ. ಈಗಷ್ಟೇ ಪಾಸ್‌ಪೋರ್ಟ್ ತೆಗೆದು ನೋಡಿದೆ ಮೇಷ್ಟ್ರೇ, ಮಗಂದು ಸರಿ ಇದೆ, ಮಗಳ ಹೆಸರಿನಲ್ಲಿ ಶಾಲೆಯವರು ಒಂದು 'ಎಚ್' ಬಿಟ್ಟಿದ್ದಾರೆ. ಅದನ್ನ ತಿದ್ದಿಸೋಕೆ ಮೊದಲು ಶಾಲೆಗೆ ಅರ್ಜಿ ಕೊಡಬೇಕಾ, ನೇರ ಬಿಇಒ ಆಫೀಸಿಗಾ?

ಬೀದರ್ ಮೇಷ್ಟ್ರು:
ಮೊದಲು ಶಾಲೆಗೇ ಕೊಡಿ ತಾಯಿ, ಜನನ ಪ್ರಮಾಣಪತ್ರದ ನಕಲು ಜೊತೆಗಿಟ್ಟು. ಮುಖ್ಯ ಶಿಕ್ಷಕರು ಅಲ್ಲಿಂದ ಬಿಇಒಗೆ ಕಳಿಸ್ತಾರೆ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ.