35 ಕೇಳಿದ್ರ 53ಕ್ಕ ಹೋಗ್ತೈತಿ: ಟಿವಿ ಟ್ಯೂನರ್‌ಗೆ ಸೀರಿಯಲ್ ಕಮಾಂಡ್

ಉಣಕಲ್:
ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳ್ಯಾಗ ಒಂದು ಕಲ್ಯಾಣ ಮಂಟಪದ ಸೌಂಡು, ಕ್ಯಾಮೆರಾ ಕೆಲಸ ನಾನ ನೋಡ್ಕೊಂತೀನಿ. ಊಟದ ಹಾಲ್‌ನಾಗ ನಾಲ್ಕು ಹಳೇ ಎಲ್‌ಜಿ ಟಿವಿ ಅದಾವ, ಹಿಂದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ (ಕಂಪ್ಯೂಟರ್‌ನಿಂದ ಟಿವಿಗೆ ಕಮಾಂಡ್ ಕಳಸೋ ಜಾಗ) ಐತಿ. ಸ್ಟೇಜ್ ಕ್ಯಾಮೆರಾಕ್ಕ ಒಂದು ಮಾಡ್ಯುಲೇಟರ್ (ಚಿತ್ರಾನ ಟಿವಿ ಚಾನೆಲ್ ಮಾಡೋ ಡಬ್ಬಿ), ಹಾಡಿನ ಪ್ಲೇಯರ್‌ಗೆ ಒಂದು. ಎರಡೂ ಗ್ವಾಡ್ಯಾಗಿನ ಕೇಬಲ್ ವೈರಿನಾಗ ಕೂಡಿ ಟಿವಿಗೆ ಬರ್ತಾವ. ಹಾಡು 5ನೇ ನಂಬರಿಗೆ, ಸ್ಟೇಜ್ 35ಕ್ಕ ಸೇವ್ ಮಾಡೀನಿ. ಅಕ್ಕಿಕಾಳು ಬೀಳೋ ಹೊತ್ತಿಗೆ ಬಡಸೋ ಮಂದಿ, ಅಡಿಗಿ ಮಾಡಾವ್ರು ಇಲ್ಲೇ ಇರ್ತಾರ. ಅವ್ರಿಗೂ ಸ್ಟೇಜ್ ಕಾಣ್ಬೇಕು ಅನ್ನೋದು ನನ್ನ ಆಸೆ.

ಕಮಾಂಡ್ ಕಳಸಾಕ ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್, ಯುಎಸ್‌ಬಿ ಸೀರಿಯಲ್ ಕೇಬಲ್, ಪೈಥಾನ್‌ನಾಗ ಬರ್ದ ಪ್ರೋಗ್ರಾಂ. ಸ್ಪೀಡ್ ಸೆಕೆಂಡಿಗೆ 9600 ಬಿಟ್. ಆನ್-ಆಫ್ ಕಮಾಂಡ್ ಸರಿ ನಡೀತೈತಿ. ಚಾನೆಲ್ 5 ಕೇಳಿದ್ರ 5 ಬರ್ತೈತಿ. 35 ಕೇಳಿದ್ರ 53ಕ್ಕ ಹೋಗಿ ಬರೇ ಚುಕ್ಕಿ. ನಾಲ್ಕೂ ಟಿವಿ ಒಂದ ವೈರಿಗೆ ಕೂಡಿಸೀನಿ, ಕಡೀ ಟಿವಿ ಕೆಲವೊಮ್ಮೆ ಕೇಳೂದ ಇಲ್ಲ. ಉತ್ತರ ಓದಾಕ ಹೋದ್ರ ಪ್ರೋಗ್ರಾಂ ಅಲ್ಲೇ ನಿಂತ್ಬಿಡ್ತೈತಿ.

ಬೆಟಗೇರಿ:
ಸೀರಿಯಲ್ ಬಿಡ್ರಿ ಅಣ್ಣಾರ. ಒಂದು ಐಆರ್ ಎಲ್‌ಇಡಿ (ರಿಮೋಟಿನಾಗ ಇರೋ ಕಣ್ಣಿಗೆ ಕಾಣದ ಬೆಳಕಿನ ದೀಪ) ಹಚ್ಚಿ ರಿಮೋಟಿನ ಕೋಡ್ ಕಳಸ್ರಿ, ಮುಗೀತು.

ಸಾಧನಕೇರಿ:
ಬೆಟಗೇರಿಯವ್ರ, ಐಆರ್ ಅಗ್ಗ ಖರೇ, ಆದ್ರ ಟಿವಿಗೆ ಮುಟ್ಟಿತೋ ಇಲ್ಲೋ ಗೊತ್ತಾಗೂದಿಲ್ಲ. ಸೀರಿಯಲ್‌ನಾಗ ಟಿವಿ ತಿರುಗಿ ಉತ್ತರ ಕೊಡ್ತದ. ಮುಹೂರ್ತದ ಹೊತ್ತಿನಾಗ ಅದ ಬೇಕಾಗೂದು.

ಉಣಕಲ್‌ನವ್ರ, 5 ಸರಿ ಬಂದು 35 ತಪ್ಪಿತು ಅಂದಕೂಡಲೇ ಕಾರಣ ಗೊತ್ತಾತು. ಎಲ್‌ಜಿ ಕಮಾಂಡ್‌ನಾಗ ನಂಬರ್ ಹೆಕ್ಸ್‌ನಾಗ, ಅಂದ್ರ ಹತ್ತರ ಬದಲಿ ಹದಿನಾರರ ಲೆಕ್ಕದಾಗ ಇರ್ತಾವ. ಹೆಕ್ಸ್ 35 ಅಂದ್ರ ನಮ್ಮ ಲೆಕ್ಕದಾಗ 53: ಮೂರು ಹದಿನಾರಲೆ 48, ಮ್ಯಾಲ 5. ಒಂಬತ್ತರ ತನಕ ಎರಡೂ ಲೆಕ್ಕ ಒಂದ, ಅದಕ್ಕ 5 ಸರಿ ಬರ್ತದ. ನಿಮಗ ಬೇಕಾದ 35ಕ್ಕ ಹೆಕ್ಸ್ 23. ಮೊದಲನೇ ಟಿವಿಗೆ ಕಳಸಬೇಕಾದ್ದು ಹಿಂಗ:

ಎಂಎ 01 00 23 00

ಎಂಎ ಅಂದ್ರ ಚಾನೆಲ್ ಬದಲಿಸೂ ಕಮಾಂಡ್. 01 ಟಿವಿಯ ಸೆಟ್ ಐಡಿ, ಮೆನ್ಯುದಾಗ ಒಂದೊಂದು ಟಿವಿಗೆ ಬ್ಯಾರೆ ಬ್ಯಾರೆ ಇಡ್ರಿ. ಆಮ್ಯಾಲಿನ ಎರಡು ಜೋಡಿ ಚಾನೆಲ್ ನಂಬರ್. ಕಡೀ 00 ಅಂದ್ರ ಅನಲಾಗ್ ಆಂಟೆನಾ. ಕೊನಿಗೆ ಕ್ಯಾರೇಜ್ ರಿಟರ್ನ್ (ಕಮಾಂಡ್ ಮುಗೀತು ಅನ್ನೂ ಎಂಟರ್ ಗುರುತು) ಮರೀಬ್ಯಾಡ್ರಿ.

ಪ್ರೋಗ್ರಾಂ ನಿಲ್ಲೋದಕ್ಕ: ನೀವು ರೀಡ್‌ಲೈನ್ (ಹೊಸ ಸಾಲಿನ ಗುರುತು ಬರೂತನಕ ಕಾದು ಓದೂದು) ಹಾಕಿರಬೇಕು. ಟಿವಿಯ ಉತ್ತರ ಮುಗಿಯೂದು ಹೊಸ ಸಾಲಿನಿಂದ ಅಲ್ಲ, ‘ಎಕ್ಸ್’ ಅಕ್ಷರದಿಂದ. ಆ ಅಕ್ಷರ ಬರೂತನಕ ಓದ್ರಿ, ಟೈಮ್‌ಔಟ್ ಒಂದು ಸೆಕೆಂಡ್ ಇಡ್ರಿ. ‘ಓಕೆ’ ಬಂದ್ರ ಟಿವಿ ಒಪ್ಕೊಂಡದ, ‘ಎನ್‌ಜಿ’ ಬಂದ್ರ ಕಳಿಸಿದ್ದರಾಗ ತಪ್ಪದ.

ಒಂದ ವೈರಿಗೆ ನಾಲ್ಕು ಟಿವಿ ಮಾತ್ರ ಬ್ಯಾಡ. ಈ ಸೀರಿಯಲ್ ಪೋರ್ಟಿನ ಪದ್ಧತಿಗೆ ಆರ್‌ಎಸ್-232 ಅಂತಾರ, ಅದು ಇರೂದು ಇಬ್ಬರ ನಡುವ ಮಾತಾಡಲಿಕ್ಕೆ. ಪ್ರತಿ ಟಿವಿಯ ಇನ್‌ಪುಟ್ 3ರಿಂದ 7 ಕಿಲೋಓಮ್, ನಾಲ್ಕು ಪ್ಯಾರಲಲ್ ಕೂಡಿದ್ರ ಲೋಡ್ ಭಾಳ ಆಗ್ತದ. ಮ್ಯಾಲ ನಾಲ್ಕೂ ಟಿವಿಯ ಉತ್ತರದ ವೈರ್ ಒಂದಕ್ಕೊಂದು ತಾಗ್ಯಾವ, ಒಂದು ಮಾತಾಡಿದ್ರ ಉಳಿದ ಮೂರು ಅದನ್ನ ಎಳೀತಾವ. ಏನೂ ಕಳಸದ ಸುಮ್ನಿದ್ದಾಗ ಕೇಬಲಿನ 3 ಮತ್ತ 5ನೇ ಪಿನ್ನಿನ ನಡುವ ಮೀಟರ್ ಹಿಡದು ನೋಡ್ರಿ, ಒಂದ ಟಿವಿ ಇಟ್ಟು ಒಮ್ಮೆ, ನಾಲ್ಕೂ ಕೂಡಿಸಿ ಒಮ್ಮೆ.

ಉಣಕಲ್:
ಹೆಕ್ಸ್ 23 ಕಳಿಸಿದಕೂಡ್ಲೆ ಸ್ಟೇಜ್ ಬಂತ್ರಿ! ಉತ್ತರ: ಎ 01 ಓಕೆ002300ಎಕ್ಸ್. ಪ್ರೋಗ್ರಾಂ ಈಗ ನಿಲ್ಲಂಗಿಲ್ಲ. ಮೀಟರಿನಾಗ ಒಂದ ಟಿವಿಗೆ ಮೈನಸ್ 5.6 ವೋಲ್ಟ್, ನಾಲ್ಕೂ ಕೂಡಿದ್ರ ಮೈನಸ್ 3.4.

ಸಾಧನಕೇರಿ:
ನೋಡ್ರಿ, ಅದ ರೋಗ. ಮೈನಸ್ 3 ಮತ್ತ ಪ್ಲಸ್ 3ರ ನಡುವ ಬಂದ್ರ 0 ಅನ್ಬೇಕೋ 1 ಅನ್ಬೇಕೋ ಅನ್ನೂದಕ್ಕ ಗ್ಯಾರಂಟಿ ಇಲ್ಲ. ನೀವು ಅಂಚಿಗೆ ಬಂದೀರಿ, ಕಡೀ ಟಿವಿಗೆ ಉದ್ದ ವೈರ್ ಬ್ಯಾರೆ. ನಾಲ್ಕು ಯುಎಸ್‌ಬಿ ಸೀರಿಯಲ್ ಕೇಬಲ್, ಒಂದು ಪವರ್ ಇರೋ ಯುಎಸ್‌ಬಿ ಹಬ್ ತಗೋರಿ, ಟಿವಿಗೊಂದು ಹಚ್ರಿ. 15 ಮೀಟರ್ ಒಳಗಿದ್ರ 9600ಕ್ಕ ಚಿಂತಿ ಇಲ್ಲ. ಅದಕ್ಕೂ ದೂರ ಇದ್ರ ಆರ್‌ಎಸ್-485 ಕನ್ವರ್ಟರ್ ಹಾಕ್ರಿ.

ಬೆಟಗೇರಿ:
ಉತ್ತರ ಬರ್ತೈತಿ ಅನ್ನೋದು ನನಗ ಗೊತ್ತಿರ್ಲಿಲ್ರಿ. ನಮ್ಮ ಕಡೆ ಒಂದು ಹಾಲ್‌ನಾಗೂ ಇದನ್ನ ಹಾಕಿ ನೋಡ್ತೀನಿ. ಆನ್ ಮಾಡಿದಕೂಡ್ಲೆ ಚಾನೆಲ್ ಕಮಾಂಡ್ ಕಳಸಬಹುದೇನ್ರಿ?

ಸಾಧನಕೇರಿ:
ಬ್ಯಾಡ್ರಿ. ಆನ್ ಆದಮ್ಯಾಲ ಟ್ಯೂನರ್ ಎಚ್ಚರಾಗಲಿಕ್ಕೆ ಸ್ವಲ್ಪ ಹೊತ್ತು ಬೇಕು. ಓಕೆ ಬರೂತನಕ ಎರಡೆರಡು ಸೆಕೆಂಡಿಗೊಮ್ಮೆ ಚಾನೆಲ್ ಕಮಾಂಡ್ ಮತ್ತ ಕಳಸ್ರಿ, ಓಕೆ ಬಂದಕೂಡ್ಲೆ ನಿಲ್ಲಸ್ರಿ.